ಹಾಡಿಗೊಂದು ಬಾಗಿಲು, ಹಾಡುವವರಿಗೊಂದು

ಮುಂಬೈಗೆ ಬಂದ ಹೊಸದರಲ್ಲಿ ಸಂಬಳದ ದಿನ ನಾನು ತಪ್ಪದೆ ಹೋಗುತ್ತಿದ್ದ ಜಾಗ ಕಾಲಾ ಘೋಡಾದ ರಿದಮ್ ಹೌಸ್. 2016ರಲ್ಲಿ ಮುಚ್ಚಿಹೋದ ಆ ಅಂಗಡಿ, ಫೋರ್ಟಿನಲ್ಲಿದ್ದ ನಮ್ಮ ಬ್ಯಾಂಕಿನಿಂದ ನಡೆದರೆ ಹತ್ತೇ ನಿಮಿಷ. ಲೋಕಲ್ ಟ್ರೇನಿನ ಗದ್ದಲ ಸ್ವಲ್ಪ ಇಳಿಯಲಿ ಅನ್ನೋ ನೆಪ ಮಾಡಿಕೊಂಡು ಅಲ್ಲಿ ಒಂದು ತಾಸು ಕಳೆಯುತ್ತಿದ್ದೆ. ಮನ್ಸೂರರ, ಭೀಮಸೇನ ಜೋಶಿಯವರ ಕ್ಯಾಸೆಟ್ಟು ಹುಡುಕೋದು, ಕೊಳ್ಳೋಕೆ ಆಗದಿದ್ದರೆ ತಿರುಗಿಸಿ ತಿರುಗಿಸಿ ನೋಡಿ ಇಟ್ಟು ಬರೋದು. ಧಾರವಾಡದಿಂದ ಬಂದವನಿಗೆ ಊರು ಸಿಗುತ್ತಿದ್ದದ್ದು ಅಲ್ಲೇ.

1992ರಲ್ಲಿ ಒಂದು ಸಂಜೆ ಹಾಗೇ ಹುಡುಕುವಾಗ ಬಿಲ್ಲಿ ಹಾಲಿಡೇ ಅನ್ನೋ ಹೆಸರಿನ ಕ್ಯಾಸೆಟ್ಟು ಕೈಗೆ ಬಂತು. ಹೆಸರು ಗಂಡಸಿನದು ಅನ್ನಿಸಿತು, ಚಿತ್ರ ಮಾತ್ರ ಹೆಂಗಸಿನದು. ಕಪ್ಪು ಹೆಣ್ಣುಮಗಳು, ಕಿವಿಯ ಮೇಲೆ ದೊಡ್ಡ ಬಿಳಿ ಹೂ. ನಮ್ಮ ಕಡೆಯ ಹೆಣ್ಣುಮಕ್ಕಳ ಹಾಗೆ ಹೂ ಮುಡಿದಿದ್ದಾಳಲ್ಲ ಅಂತ, ಬೇರೆ ಯಾವ ಕಾರಣವೂ ಇಲ್ಲದೆ ಕೊಂಡುಕೊಂಡೆ.

ನನ್ನ ಇಂಗ್ಲಿಷು ಬ್ಯಾಂಕಿನ ಇಂಗ್ಲಿಷು. ಹಾಡಿನ ಮಾತುಗಳು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ ಆ ದನಿ ಕಿವಿಗೆ ಪರಕೀಯ ಅನ್ನಿಸಲೇ ಇಲ್ಲ. ಸ್ವರವನ್ನು ನೇರವಾಗಿ ಮುಟ್ಟದೆ, ಸ್ವಲ್ಪ ಕೆಳಗಿನಿಂದ ಜಾರಿಕೊಂಡು ಬಂದು, ಮುಟ್ಟಿದ ಹಾಗೆ ಮಾಡಿ ಬಿಟ್ಟುಬಿಡುವ ರೀತಿ. ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಎಲ್ಲೋ ತೂಗಾಡುವ ಗಾಂಧಾರ. ಬ್ಲೂಸ್ ಸಂಗೀತದವರು ಇದನ್ನು ಬ್ಲೂ ನೋಟ್ ಅಂತ ಕರೀತಾರೆ ಅನ್ನೋದು ಆಮೇಲೆ ಗೊತ್ತಾಯಿತು. ಮೀಂಡು ಕೇಳಿ ಬೆಳೆದ ಕಿವಿಗೆ ಅದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಆ ಕ್ಯಾಸೆಟ್ಟಿನಲ್ಲಿ ‘ಸ್ಟ್ರೇಂಜ್ ಫ್ರೂಟ್’ ಅಂತ ಒಂದು ಹಾಡು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಎರಡು ವರ್ಷ ನಾನು ಅದನ್ನು ಹಣ್ಣಿನ ತೋಟದ ಹಾಡು ಅಂದುಕೊಂಡಿದ್ದೆ. ಮರ, ಎಲೆ, ಗಾಳಿ, ಹೂವಿನ ವಾಸನೆ ಇವಿಷ್ಟು ಶಬ್ದ ಕಿವಿಗೆ ಬೀಳುತ್ತಿದ್ದವು. ವಿರಹದ ಹಾಡು ಇರಬೇಕು, ತೋಟದಲ್ಲಿ ಯಾರಿಗೋ ಕಾಯುತ್ತಿದ್ದಾಳೆ ಅಂತ ನನ್ನದೇ ಒಂದು ಕಥೆ ಕಟ್ಟಿಕೊಂಡಿದ್ದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಕಿಕೊಂಡು ಮಲಗುತ್ತಿದ್ದೆ!

ಊರಿನಿಂದ ಬಂದಿದ್ದ ಅವ್ವ ಒಮ್ಮೆ ಅಕ್ಕಿ ಆರಿಸುತ್ತ ಅದನ್ನು ಕೇಳಿಸಿಕೊಂಡಳು. ಅವಳಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ.

“ಯಾರೋ ತಮ್ಮಾ ಇಕಿ? ಅಳ್ಲಿಕ್ಕೆ ಹತ್ಯಾಳೇನು?” ಅಂದಳು. ಆಮೇಲೆ ತಾನೇ ತಿದ್ದಿಕೊಂಡು, “ಇಲ್ಲ ಬಿಡು, ಅಳೂ ನುಂಗಿಕೊಂಡು ಹಾಡ್ಯಾಳ. ಮನ್ಯಾಗ ಯಾರೋ ಸತ್ತಾರ” ಅಂದಳು.

ಸತ್ತಿದ್ದು ನಿಜ.

*

1930ರ ಆಗಸ್ಟ್ 7ರ ರಾತ್ರಿ ಅಮೆರಿಕದ ಇಂಡಿಯಾನಾ ರಾಜ್ಯದ ಮೇರಿಯನ್ ಎಂಬ ಊರಿನಲ್ಲಿ ಥಾಮಸ್ ಶಿಪ್, ಅಬ್ರಾಂ ಸ್ಮಿತ್ ಎಂಬ ಇಬ್ಬರು ಕಪ್ಪು ಯುವಕರನ್ನು ಗುಂಪೊಂದು ಜೈಲಿನಿಂದ ಎಳೆದು ತಂದು ಹೊಡೆದು ಮರಕ್ಕೆ ನೇಣುಹಾಕಿತು. ಲಾರೆನ್ಸ್ ಬೈಟ್ಲರ್ ಎಂಬ ಸ್ಟುಡಿಯೋ ಫೋಟೋಗ್ರಾಫರ್ ಅದರ ಚಿತ್ರ ತೆಗೆದ. ಆ ಚಿತ್ರದ ಪ್ರತಿಗಳು ಸಾವಿರಗಟ್ಟಲೆ ಮಾರಾಟವಾದವು. ಇಂಥ ಚಿತ್ರವೊಂದನ್ನು ನೋಡಿ ನಿದ್ದೆಗೆಟ್ಟ ನ್ಯೂಯಾರ್ಕಿನ ಯಹೂದಿ ಶಾಲಾಮಾಸ್ತರ ಏಬಲ್ ಮೀರೊಪೋಲ್ ಒಂದು ಪದ್ಯ ಬರೆದರು. ಅವರು ನೋಡಿದ್ದು ಮೇರಿಯನ್ನಿನ ಚಿತ್ರವನ್ನೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪದ್ಯ 1937ರಲ್ಲಿ ಶಿಕ್ಷಕರ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ರಾಗ ಹಾಕಿದವರೂ ಅವರೇ. 1939ರಲ್ಲಿ ಅದು ಬಿಲ್ಲಿ ಹಾಲಿಡೇ ಬಳಿ ಬಂತು. ಆಗ ಆಕೆಗೆ ಇಪ್ಪತ್ಮೂರು ಇಪ್ಪತ್ನಾಲ್ಕು ವರ್ಷ.

ಹಾಡಿನಲ್ಲಿರೋದು ಹನ್ನೆರಡೇ ಸಾಲು. ಕೊಂದವರು ಯಾರು ಅಂತಿಲ್ಲ, ಸತ್ತವರ ಹೆಸರಿಲ್ಲ, ಲಿಂಚಿಂಗ್ ಅನ್ನೋ ಶಬ್ದವೇ ಇಲ್ಲ. ದಕ್ಷಿಣದ ರಾಜ್ಯಗಳ ಚೆಂದದ ಭೂದೃಶ್ಯ ಬಿಡಿಸುತ್ತ ಹೋಗಿ, ನಡುನಡುವೆ ಹೆಣದ ವಿವರ ಇಡುತ್ತದೆ. ಹಣ್ಣು ಅಂದರೆ ಮರದಲ್ಲಿ ತೂಗುತ್ತಿರುವ ದೇಹ. ಬೇರೆ ಗಾಯಕಿಯ ಕೈಗೆ ಸಿಕ್ಕಿದ್ದರೆ ಇದು ಭಾಷಣವಾಗುವ ಸಾಧ್ಯತೆ ಇತ್ತು, ಇಲ್ಲಾ ಗೋಳಾಟ. ಹಾಲಿಡೇ ಎರಡನ್ನೂ ಮಾಡೋದಿಲ್ಲ. ಒಂದೊಂದೇ ಶಬ್ದವನ್ನು ತೂಕ ಮಾಡಿ ಇಡುತ್ತಾರೆ. ಆಲಾಪವಿಲ್ಲ, ಅಲಂಕಾರವಿಲ್ಲ. ಪಂಚನಾಮೆ ಓದುವವರ ಸಂಯಮ. ಕೊನೆಯ ಶಬ್ದವನ್ನು ಮಾತ್ರ ಮೇಲೆ ಎತ್ತಿ, ಷಡ್ಜಕ್ಕೆ ಇಳಿಸದೆ ಹಾಗೇ ತೂಗುಬಿಡುತ್ತಾರೆ. ನಮ್ಮ ಕಿವಿ ಸಮಕ್ಕೆ ಕಾಯುತ್ತಲೇ ಇರುತ್ತದೆ. ಸಮ ಬರೋದಿಲ್ಲ.

ಆಕೆ ಹಾಡುತ್ತಿದ್ದ ಕಂಪನಿ ಕೊಲಂಬಿಯಾ ಇದನ್ನು ಮುದ್ರಿಸಲು ಒಪ್ಪಲಿಲ್ಲ. ದಕ್ಷಿಣದ ಗಿರಾಕಿಗಳು ಮುನಿಸಿಕೊಂಡಾರು ಎಂಬ ಭಯ. ಕಡೆಗೆ ಕಮೊಡೋರ್ ಎಂಬ ಸಣ್ಣ ಕಂಪನಿಗಾಗಿ 1939ರ ಏಪ್ರಿಲ್ 20ರಂದು ಹಾಡಿದರು. ಟಸ್ಕೀಗಿ ಸಂಸ್ಥೆ ಇಟ್ಟಿರುವ ಲೆಕ್ಕದ ಪ್ರಕಾರ 1882ರಿಂದ 1968ರವರೆಗೆ ಅಮೆರಿಕದಲ್ಲಿ ಹೀಗೆ ಗುಂಪಿನ ಕೈಯಲ್ಲಿ ಸತ್ತವರು 4,743 ಜನ. ಅವರಲ್ಲಿ 3,446 ಜನ ಕಪ್ಪು ಜನ. ಇದನ್ನು ಒಂದು ಪ್ರತ್ಯೇಕ ಅಪರಾಧ ಎಂದು ಘೋಷಿಸುವ ಕೇಂದ್ರ ಕಾನೂನು ಆ ದೇಶದಲ್ಲಿ ಬಂದದ್ದು 2022ರಲ್ಲಿ. ಹಾಡು ಬಂದು ಎಂಬತ್ಮೂರು ವರ್ಷದ ಮೇಲೆ!

ಅಂಕಿಸಂಖ್ಯೆ ಹೇಳದ ಏನನ್ನೋ ಹಾಡು ಹೇಳುತ್ತದೆ ಅಂತ ನಾವು ಹಾಡು ಕೇಳುವವರು ನಂಬಿರುತ್ತೇವೆ. ಸರಿ, ಏನು ಹೇಳುತ್ತದೆ? ಕಪ್ಪು ಜನರ ನೋವು ನಮಗೆ ತಿಳಿಯುವಂತೆ ಮಾಡುತ್ತದೆ ಅನ್ನೋದು ರೂಢಿಯ ಉತ್ತರ. ನಾನೂ ಬಹಳ ವರ್ಷ ಅದನ್ನೇ ಹೇಳಿಕೊಂಡು ತಿರುಗಿದೆ. ಈಗ ನನಗೆ ಆ ಉತ್ತರದ ಬಗ್ಗೆ ಅನುಮಾನ.

ಆ ಫೋಟೋ ನೋಡಿದವರಿಗೆ ಗೊತ್ತು. ಮೇಲೆ ಎರಡು ದೇಹ. ಅವುಗಳ ಕೆಳಗೆ ಜನ, ಜಾತ್ರೆಯಲ್ಲಿ ಸೇರಿದ ಹಾಗೆ. ಹ್ಯಾಟು ಹಾಕಿದವರು, ಟೈ ಕಟ್ಟಿದವರು, ಹುಡುಗಿಯರು. ಹಲವರು ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ಒಬ್ಬ ಮರದ ಕಡೆ ಬೆರಳು ತೋರಿಸುತ್ತಿದ್ದಾನೆ. ನೋಡುವವರ ಮನಸ್ಸಿನಲ್ಲಿ ಉಳಿಯೋದು ಆ ಗುಂಪಿನ ಮುಖಗಳು. ಹಾಡಿನಲ್ಲಿ ಮಾತ್ರ ಆ ಗುಂಪು ಇಲ್ಲ. ಮರ ಇದೆ, ಹೆಣ ಇದೆ, ಕಾಗೆ ಇದೆ, ಮನುಷ್ಯರಿಲ್ಲ. ಜೊತೆಗೆ ಇನ್ನೊಂದು ವಿಷಯ. ಹಾಡು ದಕ್ಷಿಣ, ದಕ್ಷಿಣ ಅನ್ನುತ್ತದೆ. ಮೇರಿಯನ್ ಇರೋದು ಉತ್ತರದ ರಾಜ್ಯದಲ್ಲಿ. ಅಂದ್ರೆ ನ್ಯೂಯಾರ್ಕಿನಲ್ಲಿ ಕೂತು ಕೇಳಿದವರು ಇದೆಲ್ಲ ಅಲ್ಲೆಲ್ಲೋ ದೂರದಲ್ಲಿ ನಡೆಯುವಂಥದ್ದು ಅಂದುಕೊಳ್ಳಲು ಹಾಡಿನಲ್ಲೇ ಒಂದು ಸಂದು ಇದೆ. ಇಷ್ಟು ದೊಡ್ಡ ಹಾಡಿನ ಬಗ್ಗೆ ಇಂಥ ಮಾತು ಆಡಬಾರದೇನೋ. ಆದರೆ ಎರಡು ವರ್ಷ ಅದನ್ನು ತೋಟದ ಹಾಡು ಅಂದುಕೊಂಡು ಮಲಗಿದವನು ಆ ಸಂದಿನ ಬಗ್ಗೆ ಸುಮ್ಮನಿರೋದು ಸರಿಯಲ್ಲ.

ಹಾಲಿಡೇ ಈ ಸಂದನ್ನು ಮುಚ್ಚಲು ಯತ್ನಿಸಿದ್ದು ವೇದಿಕೆಯ ಮೇಲೆ ಅಂತ ನನಗೆ ಅನ್ನಿಸುತ್ತದೆ. ಆಕೆ ಇದನ್ನು ಹಾಡುತ್ತಿದ್ದ ಕೆಫೆ ಸೊಸೈಟಿ ಎಂಬ ನೈಟ್‌ಕ್ಲಬ್ಬು ಕಪ್ಪು, ಬಿಳಿ ಗಿರಾಕಿಗಳನ್ನು ಒಟ್ಟಿಗೆ ಕೂರಿಸುತ್ತಿತ್ತು. ಆ ಕಾಲಕ್ಕೆ ಅದು ಅಪರೂಪ. ಈ ಹಾಡಿಗೆ ಮೊದಲು ವೇಟರುಗಳು ಸಪ್ಲೈ ನಿಲ್ಲಿಸಬೇಕು. ದೀಪಗಳೆಲ್ಲ ಆರಬೇಕು. ಗಾಯಕಿಯ ಮುಖದ ಮೇಲೆ ಮಾತ್ರ ಒಂದು ಬೆಳಕು. ಹಾಡು ಮುಗಿಯುತ್ತಿದ್ದಂತೆ ಅದೂ ಆರಿ, ಮತ್ತೆ ದೀಪ ಹತ್ತುವ ಹೊತ್ತಿಗೆ ಆಕೆ ಇಲ್ಲ. ನಮಸ್ಕಾರವಿಲ್ಲ, ಒನ್ಸ್ ಮೋರ್ ಇಲ್ಲ. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಬೇಕು. ಹಾಡಿನಲ್ಲಿ ಇಲ್ಲದ ಗುಂಪು ಕುರ್ಚಿಗಳಲ್ಲಿ ಕೂತಿರುತ್ತಿತ್ತು.

ಇದಕ್ಕೆ ಒಂದು ವರ್ಷ ಮೊದಲು, 1938ರಲ್ಲಿ, ಆಕೆ ಆರ್ಟಿ ಶಾ ಎಂಬ ಬಿಳಿಯ ಕ್ಲಾರಿನೆಟ್ ವಾದಕರ ಬ್ಯಾಂಡಿನಲ್ಲಿದ್ದರು. ನ್ಯೂಯಾರ್ಕಿನ ಲಿಂಕನ್ ಹೋಟೆಲಿನಲ್ಲಿ ಕಾರ್ಯಕ್ರಮ. ಗುಲಾಮಗಿರಿ ರದ್ದು ಮಾಡಿದವರ ಹೆಸರಿನ ಹೋಟೆಲು! ಅಲ್ಲಿ ಆಕೆಗೆ ಗಿರಾಕಿಗಳ ಲಿಫ್ಟಿನಲ್ಲಿ ಬರಬೇಡಿ, ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬನ್ನಿ ಅಂತ ಹೇಳಿದರು. ಆ ವರ್ಷ ಮುಗಿಯುವಷ್ಟರಲ್ಲಿ ಆಕೆ ಬ್ಯಾಂಡ್ ಬಿಟ್ಟರು. ದನಿ ಬೇಕು, ಅದಕ್ಕಾಗಿ ಜನ ಟಿಕೆಟ್ ಕೊಡುತ್ತಾರೆ. ದನಿಯ ಜೊತೆಗೆ ಬರುವ ಮೈ ಮಾತ್ರ ಹಿಂದಿನಿಂದ ಬರಬೇಕು. ಈ ಲಿಫ್ಟಿನ ವಿಷಯವನ್ನು ಓದುಗರು ದಯವಿಟ್ಟು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

*

ಇಪ್ಪತ್ತೈದು ವರ್ಷ ಮುಂದೆ ಬರೋಣ. 1963ರ ಸೆಪ್ಟೆಂಬರ್ 15, ಭಾನುವಾರ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ಬಿಳಿಯರ ಭಯೋತ್ಪಾದಕರು ಇಟ್ಟ ಬಾಂಬು ಸಿಡಿದು ನಾಲ್ಕು ಕಪ್ಪು ಹುಡುಗಿಯರು ಸತ್ತರು. ಮೂವರಿಗೆ ಹದಿನಾಲ್ಕು ವರ್ಷ, ಒಬ್ಬಳಿಗೆ ಹನ್ನೊಂದು. ಇದಕ್ಕೆ ಪ್ರತಿಯಾಗಿ ಬಂದ ಎರಡು ರಚನೆಗಳನ್ನು ಒಟ್ಟಿಗೆ ಕೇಳಬೇಕು.

ಒಂದು, ಜಾನ್ ಕೋಲ್ಟ್ರೇನ್ ಅವರ ‘ಅಲಬಾಮಾ’. ಆ ನವೆಂಬರಿನಲ್ಲೇ ರೆಕಾರ್ಡ್ ಆದದ್ದು. ಮಾತೇ ಇಲ್ಲ. ಕೆಳಗೆ ಪಿಯಾನೊ ಒಂದೇ ಕಡೆ ಗುಂಯ್‌ಗುಡುತ್ತಿರುತ್ತದೆ, ತಂಬೂರಿಯ ಹಾಗೆ. ಅದರ ಮೇಲೆ ಸ್ಯಾಕ್ಸೊಫೋನು ತಾಳವಿಲ್ಲದೆ ಒಂದೊಂದೇ ಪಲುಕು ಇಡುತ್ತ ಹೋಗುತ್ತದೆ. ನಡುವೆ ತಾಳ ಬಂದ ಹಾಗಾಗಿ, ಇನ್ನೇನು ವಾದನ ಶುರುವಾಯಿತು ಅನ್ನುವಾಗ ನಿಂತುಬಿಡುತ್ತದೆ. ಮತ್ತೆ ಅದೇ ಆಲಾಪ. ಕೊನೆಯಲ್ಲಿ ಎಲ್ವಿನ್ ಜೋನ್ಸ್ ಅವರ ಡ್ರಮ್ಮು ದೂರದ ಗುಡುಗಿನ ಹಾಗೆ ಏಳುತ್ತದೆ. ಹಿಂದುಸ್ತಾನಿ ಕೇಳುವ ಗೆಳೆಯರಿಗೆ ನಾನು ಮೊದಲು ಕೇಳಿಸೋದು ಇದನ್ನೇ. ಎಲ್ಲರೂ ತಲೆದೂಗುತ್ತಾರೆ. ಹೆಸರಿನ ಹಿಂದೆ ಏನಿದೆ ಅಂತ ಹೇಳಿದ ಮೇಲೆ ಇನ್ನೊಮ್ಮೆ ಹಾಕು ಅನ್ನುತ್ತಾರೆ. ಹೇಳದಿದ್ದರೆ ಚೆಂದದ ಸಂಗೀತವಾಗಿಯೇ ಉಳಿಯುತ್ತದೆ. ಇದು ಕೋಲ್ಟ್ರೇನರ ತಪ್ಪಲ್ಲ. ರಾಗಕ್ಕೆ ತಾನಾಗಿ ಊರಿನ ಹೆಸರು ಹೇಳಲು ಬಾರದು, ಅಷ್ಟೇ.

ಇನ್ನೊಂದು, ನೀನಾ ಸಿಮೋನ್ ಅವರ ‘ಮಿಸಿಸಿಪಿ ಗಾಡ್‌ಡ್ಯಾಮ್’. ಇವರು ಪಿಯಾನೊ ಶಾಸ್ತ್ರೀಯವಾಗಿ ಕಲಿತವರು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಊರಿನ ಕಚೇರಿಗೆ ಕೂತಾಗ, ಮುಂದಿನ ಸಾಲಿನಲ್ಲಿದ್ದ ಅಪ್ಪ ಅಮ್ಮನನ್ನು ಬಿಳಿಯರಿಗಾಗಿ ಎಬ್ಬಿಸಿ ಹಿಂದೆ ಕಳಿಸಿದ್ದನ್ನು ಕಂಡು, ಅವರನ್ನು ಮುಂದೆ ಕೂರಿಸದ ಹೊರತು ನುಡಿಸೋದಿಲ್ಲ ಅಂದ ಹುಡುಗಿ. ಬಾಂಬಿನ ಸುದ್ದಿ ಕೇಳಿ ಮನೆಯಲ್ಲಿದ್ದ ಸಾಮಾನಿನಿಂದ ಬಂದೂಕು ಮಾಡಲು ಹೊರಟಿದ್ದಾಗಿ ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಗಂಡ ತಡೆದ ಮೇಲೆ ಪಿಯಾನೊ ಮುಂದೆ ಕೂತರು, ಒಂದು ತಾಸಿನೊಳಗೆ ಹಾಡು ಸಿದ್ಧವಾಯಿತು.

ಕೇಳಿದರೆ ಅದು ನಾಟಕ ಕಂಪನಿಯ ಕುಣಿಯುವ ಹಾಡಿನ ಧಾಟಿ. ದುಡುದುಡು ಓಡುವ ಲಯ. ಬೈಗುಳವೇ ಶೀರ್ಷಿಕೆ. ಅಲಬಾಮಾ, ಟೆನೆಸಿ, ಮಿಸಿಸಿಪಿ ಅಂತ ಹೆಸರು ಹಿಡಿದು ಹೇಳುತ್ತಾರೆ. ಅಷ್ಟಕ್ಕೇ ಬಿಡೋದಿಲ್ಲ. ಅವಸರ ಮಾಡಬೇಡಿ, ಎಲ್ಲ ನಿಧಾನವಾಗಿ ಸರಿಹೋಗುತ್ತೆ ಅಂತ ಬುದ್ಧಿ ಹೇಳುವ ಸಭ್ಯರನ್ನು ಹಿಡಿದು ಝಾಡಿಸುತ್ತಾರೆ. 1964ರಲ್ಲಿ ಕಾರ್ನೆಗಿ ಹಾಲಿನಲ್ಲಿ ಹೆಚ್ಚಾಗಿ ಬಿಳಿಯರೇ ಇದ್ದ ಸಭೆಯ ಮುಂದೆ ಹಾಡಿದ್ದು ಆಲ್ಬಮ್ಮಿನಲ್ಲಿದೆ. ಗಮನವಿಟ್ಟು ಕೇಳಿದರೆ ಅದರಲ್ಲಿ ಸಭೆಯ ಸದ್ದೂ ಇದೆ. ಮೊದಲು ಜನ ನಗುತ್ತಾರೆ, ಶೀರ್ಷಿಕೆ ಕೇಳಿ, ಆಕೆಯ ಚಟಾಕಿ ಕೇಳಿ. ಹಾಡು ಮುಂದೆ ಹೋದಂತೆ ಆ ನಗು ಕೇಳಿಸೋದು ನಿಲ್ಲುತ್ತದೆ. ತಾವೂ ಹಾಡಿನಲ್ಲಿದ್ದೇವೆ ಅನ್ನೋದು ಜನಕ್ಕೆ ತಿಳಿಯುತ್ತ ಹೋಗಿದ್ದು ಟೇಪಿನಲ್ಲೇ ದಾಖಲಾಗಿದೆ. ಹಾಲಿಡೇ ಕತ್ತಲಲ್ಲಿ ಕೂರಿಸಿದ್ದ ಕೇಳುಗರನ್ನು ಸಿಮೋನ್ ದೀಪ ಹಾಕಿ ತೋರಿಸಿದರು.

ನನಗೀಗ ತೋರುವ ಉತ್ತರ ಇದು. ಈ ಹಾಡುಗಳು ನಮ್ಮನ್ನು ಕಪ್ಪು ಜನರ ಚರ್ಮದೊಳಗೆ ಇಳಿಸೋದಿಲ್ಲ, ಅದು ಯಾವ ಹಾಡಿಗೂ ಆಗುವ ಕೆಲಸವಲ್ಲ. ಕೇಳುವವರು ಆ ಫೋಟೋದಲ್ಲಿ ಎಲ್ಲಿ ನಿಂತಿದ್ದಾರೆ ಅಂತ ತೋರಿಸುತ್ತವೆ. ನಾನು ಇದನ್ನು ಪುಸ್ತಕ ಓದಿ ಕಲಿಯಲಿಲ್ಲ.

*

2012ರಲ್ಲಿ ನಾನು ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿದ್ದೆ. ಪಶ್ಚಿಮ ಉಪನಗರದಲ್ಲಿ ಹದಿನಾಲ್ಕು ಮಹಡಿಯ ಕಟ್ಟಡ. ಎರಡು ಲಿಫ್ಟು. ಒಂದು ನಮಗೆ, ಇನ್ನೊಂದರ ಪಕ್ಕ ‘ಮನೆಕೆಲಸದವರು, ಡ್ರೈವರುಗಳು, ಡೆಲಿವರಿಯವರು ಈ ಲಿಫ್ಟ್ ಬಳಸಬೇಕು’ ಅಂತ ಬೋರ್ಡು. ನನ್ನ ಪಕ್ಕದ ಫ್ಲ್ಯಾಟಿನ ಮಾಲೀಕರು ದುಬೈನಲ್ಲಿದ್ದರು, ಬೀಗದ ಕೈ ನನ್ನ ಹತ್ತಿರ. ಬಾಡಿಗೆಗೆ ನೋಡಲು ಏಜೆಂಟ್ ಮೂಲಕ ಒಬ್ಬರು ಬಂದರು. ನೈಜೀರಿಯಾದ ಕಾನೊ ಊರಿನವರು, ಬಟ್ಟೆ ವ್ಯಾಪಾರಿ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ವಾಚ್‌ಮನ್ ಅವರನ್ನು ಆ ಎರಡನೇ ಲಿಫ್ಟಿನಲ್ಲಿ ಕಳಿಸಿದ್ದ.

ಫ್ಲ್ಯಾಟ್ ತೋರಿಸಿ ಮನೆಗೆ ಕರೆದು ಚಹಾ ಕೊಟ್ಟೆ. ನಿಜ ಹೇಳಬೇಕಂದ್ರೆ ನನಗೆ ಒಳಗೊಳಗೇ ಹಿಗ್ಗು. ಇಪ್ಪತ್ತು ವರ್ಷ ಕಪ್ಪು ಜನರ ಸಂಗೀತ ಕೇಳಿದವನು, ತೋರಿಸಿಕೊಳ್ಳೋದು ಬೇಡವೇ? ಹಾಲಿಡೇ ಸಿಡಿ ಹಾಕಿದೆ. ಅವರು ಮರ್ಯಾದೆಗೆ ಎರಡು ನಿಮಿಷ ಕೇಳಿ, ಯಾರು ಇವರು ಅಂತ ಕೇಳಿದರು. ಅವರು ಆಕೆಯ ಹೆಸರನ್ನೇ ಕೇಳಿರಲಿಲ್ಲ. ಯಾಕೆ ಕೇಳಿರಬೇಕು? ಧಾರವಾಡದವನ ಮುಂದೆ ಕಾಬೂಲಿನ ಹಾಡು ಹಾಕಿ, ನೀವೆಲ್ಲ ಏಷಿಯಾದವರಲ್ಲವಾ ಅಂದ ಹಾಗೆ. ನನ್ನ ಲೆಕ್ಕದಲ್ಲಿ ನ್ಯೂಯಾರ್ಕು, ಅಲಬಾಮಾ, ಕಾನೊ ಎಲ್ಲ ಒಂದೇ ಊರು, ಕಪ್ಪು ಅನ್ನೋ ಊರು.

ಅವರು ಗುನುಗಿದ್ದು ಬೇರೆ ಹಾಡು. ‘ಮದರ್ ಇಂಡಿಯಾ’ ಸಿನಿಮಾದ್ದು. ಕಾನೊ ಕಡೆ ನಮ್ಮ ಹಿಂದಿ ಸಿನಿಮಾ ದಶಕಗಳಿಂದ ಮನೆಮಾತು. ಆ ಧಾಟಿಗಳಿಗೆ ಹೌಸಾ ಭಾಷೆಯಲ್ಲಿ ಭಕ್ತಿಗೀತೆಗಳನ್ನು ಕಟ್ಟಿ ಹಾಡುವವರಿದ್ದಾರೆ. ಇವರ ತಾಯಿ ಆ ಸಿನಿಮಾ ಎಷ್ಟು ಸಲ ನೋಡಿದ್ದರೋ ಲೆಕ್ಕವಿಲ್ಲವಂತೆ. ಶಬ್ದ ಒಂದೂ ತಪ್ಪಲಿಲ್ಲ, ಅರ್ಥ ಗೊತ್ತಿಲ್ಲ ಅಂತ ನಕ್ಕರು. ಹೀಗೆ ನಮ್ಮ ಹಾಡು ಅವರ ಮನೆಗೆ ಹೋಗಿತ್ತು. ಅಮೆರಿಕದ ಕಪ್ಪು ಜನರ ಹಾಡೂ ನಮ್ಮ ಮನೆಗಳಿಗೆ ಎಂದೋ ಬಂದಿತ್ತು. 1935ರಲ್ಲಿ ಲಿಯೊನ್ ಅಬ್ಬೆಯವರ ಕಪ್ಪು ಕಲಾವಿದರ ಬ್ಯಾಂಡು ಈ ಊರಿನ ತಾಜ್ ಹೋಟೆಲಿಗೆ ಬಂತು. ಆಮೇಲೆ ಟೆಡ್ಡಿ ವೆದರ್‌ಫರ್ಡ್ ಬಂದರು. ಅವರಿಂದ ಗೋವಾದ ವಾದಕರು ಕಲಿತರು, ಗೋವಾದವರಿಂದ ಅದು ಸಿ. ರಾಮಚಂದ್ರರಂಥವರ ಸಿನಿಮಾ ಹಾಡಿಗೆ ಇಳಿಯಿತು. ಹಾಡಿಗೆ ವೀಸಾ ಕೇಳಿದವರಿಲ್ಲ.

ಮುಂದಿನ ಭಾನುವಾರ ಕಮಿಟಿ ಮೀಟಿಂಗು. ವಿದೇಶಿಯರಿಗೆ ಬಾಡಿಗೆ ಕೊಡಬಾರದು ಅಂತ ಒಂದು ಠರಾವು ಬಂತು. ಒಂಬತ್ತನೇ ಮಹಡಿಯಲ್ಲಿ ಜರ್ಮನಿಯ ಇಂಜಿನಿಯರ್ ಒಬ್ಬರು ಆಗಲೇ ಎರಡು ವರ್ಷದಿಂದ ಇದ್ದರು. ಅವರ ವಿಷಯ ಯಾರೂ ಎತ್ತಲಿಲ್ಲ. ಹೆಣ್ಣುಮಕ್ಕಳಿದ್ದಾರೆ, ಪೊಲೀಸು ತಲೆನೋವು, ಪೇಪರಿನಲ್ಲಿ ಬರುತ್ತಲ್ಲ ಸಾರ್, ಇಷ್ಟೇ ಮಾತು. ಸೆಕ್ರೆಟರಿ ನನ್ನ ಕಡೆ ತಿರುಗಿ, “ಆಪ್ ಕ್ಯಾ ಕೆಹ್ತೇ ಹೈ?” ಅಂದರು.

“ಎಲ್ಲರೂ ಏನು ಹೇಳ್ತಾರೋ ಅದೇ” ಅಂದೆ. ಸಹಿ ಹಾಕಿದೆ.

ಸಂಜೆ ಅವರಿಗೆ ಫೋನ್ ಮಾಡಿ, ಮಾಲೀಕರು ಮನಸ್ಸು ಬದಲಾಯಿಸಿದರು ಅಂತ ಸುಳ್ಳು ಹೇಳಿದೆ. “ನೋ ಪ್ರಾಬ್ಲಂ ಸರ್” ಅಂದರು. ಬಹಳ ಸಲ ಹೇಳಿ ರೂಢಿಯಾದ ದನಿ ಅದು. ಕಿವಿ ಚೆನ್ನಾಗಿದ್ದವನಿಗೆ ಅಷ್ಟು ತಿಳಿಯುತ್ತದೆ.

*

ಈ ಮಾತನ್ನು ನಮ್ಮವರ ಹತ್ತಿರ ಹೇಳಿದಾಗ ಸಿಗುವ ಸಮಾಧಾನವೂ ಒಂದೇ ನಮೂನೆಯದು: “ಬಿಡ್ರಿ, ನಾವೂ ಇಲ್ಲಿ ಕಮ್ಮಿ ಅನುಭವಿಸೇವೇನು?” ನಿಜ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ಎದ್ದ ‘ಲುಂಗಿ ಹಟಾವೊ’ ಕೂಗು, ಉಡುಪಿ ಹೋಟೆಲುಗಳ ಮೇಲೆ ಬಿದ್ದ ಕಲ್ಲು, ಇವನ್ನು ಕಂಡ ಹಿರಿಯರು ಮಾಟುಂಗದಲ್ಲಿ ಇನ್ನೂ ಇದ್ದಾರೆ. ಆದರೆ ನಾವು ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡೆವು, ಮರಾಠಿ ಕಲಿತೆವು, ಐವತ್ತು ವರ್ಷದಲ್ಲಿ ಕಮಿಟಿ ಮೆಂಬರೂ ಆದೆವು. ಕಾನೊದವರು ಏನು ಬಿಚ್ಚಿಡಬೇಕು? ನಮಗೆ ಬಿದ್ದ ಕಲ್ಲಿನ ನೆನಪು ಇನ್ನೊಬ್ಬರಿಗೆ ಬಾಗಿಲು ತೆರೆಸಬೇಕಿತ್ತು. ನನ್ನ ವಿಷಯದಲ್ಲಿ ಅದು ಬಾಗಿಲು ಹಾಕಿದವರ ಪಕ್ಕ ನಿಲ್ಲುವ ಭಯವಾಯಿತು. ಇವರು ನನ್ನನ್ನೂ ಹೊರಗಿನವನು ಅಂದುಬಿಟ್ಟರೆ?

ತಪ್ಪು ಕೇಳುವಿಕೆಯ ಬಗ್ಗೆ ಎಲ್ಲಕ್ಕಿಂತ ಖಡಾಖಂಡಿತವಾಗಿ ಬರೆದವರು ಫ್ರೆಡೆರಿಕ್ ಡಗ್ಲಾಸ್. ಗುಲಾಮಗಿರಿಯಲ್ಲಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, 1845ರಲ್ಲಿ ತಮ್ಮ ಬದುಕಿನ ಕಥೆ ಬರೆದವರು. ಗುಲಾಮರು ಹಾಡುತ್ತಾರೆ, ಆದ್ದರಿಂದ ಸುಖವಾಗಿದ್ದಾರೆ ಅಂತ ಉತ್ತರದ ಜನ ಹೇಳೋದನ್ನು ಕೇಳಿ ಅವರು ಬೆರಗಾಗುತ್ತಾರೆ. ದುಃಖ ಹೆಚ್ಚಾದಷ್ಟೂ ಹಾಡು ಹೆಚ್ಚು ಅನ್ನೋದು ಅವರು ಕಂಡದ್ದು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಹಾಡು ಕುಣಿತವನ್ನು ಅಣಕಿಸುವ ಆಟಗಳು ಆಗ ಆ ದೇಶದ ದೊಡ್ಡ ಮನರಂಜನೆ. ನಾನು ಆ ಗುಂಪಿನವನಲ್ಲ ಅಂದುಕೊಂಡಿದ್ದೆ, ನಾನು ದುಃಖವನ್ನು ದುಃಖವಾಗಿಯೇ ಕೇಳಿದವನು. ಆದರೆ ದುಃಖವನ್ನೂ ರುಚಿ ನೋಡುತ್ತ ಕೂರಲು ಬರುತ್ತದೆ. ಭಾನುವಾರದ ಊಟದ ಮೇಲೆ.

ಅವ್ವನ ಕಿವಿಯ ಬಗ್ಗೆ ಮೊದಲೇ ಹೇಳಿದೆ. ಭಾಷೆ ಬಾರದೆ ಸಾವನ್ನು ಗುರುತಿಸಿದ ಕಿವಿ. ಅದೇ ಅವ್ವ ನಮ್ಮ ಊರಿನ ಮನೆಯಲ್ಲಿ ಮದುವೆಗೆ ಹಲಗಿಯವರು ಬಂದರೆ ಅವರನ್ನು ಅಂಗಳದಾಚೆ ನಿಲ್ಲಿಸುತ್ತಿದ್ದಳು. ಹಲಗಿ ಬಿಸಿಲಿಗೆ, ಬೆಂಕಿಗೆ ಕಾದು ಖಣ್ ಅಂದರೆ, “ಏನ್ ಬಡೀತಾರೋ ಇವ್ರು, ಎದಿ ನಡಗತದ” ಅಂತ ಮೆಚ್ಚುತ್ತಿದ್ದಳು. ಊಟ ಮಾತ್ರ ಎಲೆಯಲ್ಲಿ, ಮೇಲಿನಿಂದ, ಹಿತ್ತಲ ಬಾಗಿಲಲ್ಲಿ. ಹಲಗಿಯ ಸದ್ದಿಲ್ಲದೆ ಮದುವೆ ಆಗುವಂತಿರಲಿಲ್ಲ, ಬಡಿಯುವವರು ಒಳಗೆ ಬರುವಂತಿರಲಿಲ್ಲ. ಅವ್ವ ಕೆಟ್ಟವಳಲ್ಲ. ಕಿವಿ ಇದ್ದರೆ ಸಾಲದು ಅಂತ ಹೇಳಲು ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಗಂಗೂಬಾಯಿ ಹಾನಗಲ್ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಹುಡುಗಿ. ಊಟವಾದ ಮೇಲೆ ಎಂಜಲೆಲೆ ಎತ್ತು ಅಂದುಬಿಟ್ಟರೆ ಅನ್ನೋ ಅಳುಕು ಆಗ ತಮಗಿತ್ತು ಅಂತ ಅವರೇ ಮುಂದೆ ಹೇಳಿಕೊಂಡರು. ಜಾತಿ ಬೇರೆ, ವರ್ಣಭೇದ ಬೇರೆ. ಮರಕ್ಕೆ ಕಟ್ಟಿದ ಹಗ್ಗಕ್ಕೂ ಹಿತ್ತಲ ಬಾಗಿಲಿಗೂ ಸಮ ಅಂತ ಗೆರೆ ಎಳೆಯೋದು ಸತ್ತವರಿಗೆ ಮಾಡುವ ಅಪಚಾರ. ಆದರೂ ದನಿಯನ್ನು ಒಳಗೆ ಬಿಟ್ಟುಕೊಂಡು ಮನುಷ್ಯರನ್ನು ಹೊರಗೆ ನಿಲ್ಲಿಸುವ ಕಲೆಯಲ್ಲಿ ನಾವು ಯಾರಿಂದಲೂ ಪಾಠ ಕಲಿಯಬೇಕಿಲ್ಲ.

ಈ ಊರಿನಲ್ಲಿ ಅಮೆರಿಕದ ಕಪ್ಪು ಜನರ ಮಾತನ್ನು ನಿಜವಾಗಿ ಕೇಳಿಸಿಕೊಂಡವರೂ ಇದ್ದರು. 1972ರಲ್ಲಿ ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ ಮುಂತಾದ ತರುಣರು ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನ ಮಾದರಿಯಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದರು. ಅವರು ದೂರದ ಆ ದನಿ ಕೇಳಿ ತಮ್ಮದೇ ಗಲ್ಲಿಯ ಕಡೆ ತಿರುಗಿ ನೋಡಿದರು. ಅರ್ಥ ಮಾಡಿಕೊಳ್ಳೋದು ಅಂದ್ರೆ ಇಷ್ಟೇ ಇರಬೇಕು. ರಿದಮ್ ಹೌಸಿನಿಂದ ಹೆಚ್ಚು ದೂರವಿಲ್ಲದ ಕಾಮಾಠಿಪುರದಲ್ಲಿ ಬೆಳೆದ ಕವಿ ಢಸಾಳ. ನಾನು ಅವರ ಹೆಸರು ಕೇಳಿದ್ದು ಹಾಲಿಡೇ ಹೆಸರು ಕೇಳಿ ಎಷ್ಟೋ ವರ್ಷದ ಮೇಲೆ.

2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಅಂಚಿನಲ್ಲಿ, ಸುಡಾನಿನ ಒಬ್ಬರ ಕಾರು ಮಹಿಳೆಯೊಬ್ಬರ ಮೇಲೆ ಹರಿದು ಅವರು ಸತ್ತಾಗ, ಆಮೇಲೆ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಬಡಿಯಿತು. ಸುದ್ದಿ ಓದಿದಾಗ ನನಗೆ ನೆನಪಾದದ್ದು ಮೇರಿಯನ್ನಿನ ಫೋಟೋ, ಅದರ ಮೇಲಿನ ಅರ್ಧವಲ್ಲ, ಕೆಳಗಿನ ಅರ್ಧ. ಸುಡಾನು, ತಾಂಜಾನಿಯಾ ಎಲ್ಲ ಒಂದೇ ಅಂದುಕೊಂಡ ಆ ಗುಂಪಿಗೂ, ಅಲಬಾಮಾ ಕಾನೊ ಒಂದೇ ಅಂದುಕೊಂಡು ಸಿಡಿ ಹಾಕಿದ ನನಗೂ ಕೈಯಲ್ಲಿ ಕಲ್ಲು ಇರಲಿಲ್ಲ ಅನ್ನೋದೊಂದೇ ವ್ಯತ್ಯಾಸವಾ ಅಂತ ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಹಾಗಾದರೆ ಈ ಹಾಡುಗಳನ್ನು ಕೇಳಬಾರದೇ? ಕೇಳಬೇಕು. ನಾನು ಈಗಲೂ ಕೇಳುತ್ತೇನೆ, ಭಾನುವಾರ ಮಧ್ಯಾಹ್ನ ಮಾತ್ರ ಅಲ್ಲ. ಹೊಸದಾಗಿ ಕೇಳುವವರಿಗೆ ‘ಅಲಬಾಮಾ’ದಿಂದ ಶುರುಮಾಡಿ, ಹೆಸರಿನ ಹಿಂದಿನ ದಿನವನ್ನು ತಿಳಿದುಕೊಂಡು, ಆಮೇಲೆ ಹಾಲಿಡೇಗೆ ಹೋಗಿ, ಕಡೆಗೆ ಸಿಮೋನ್ ಅವರ ಕಾರ್ನೆಗಿ ಹಾಲಿನ ರೆಕಾರ್ಡಿಗೆ ಬನ್ನಿ ಅನ್ನುತ್ತೇನೆ. ಅಲ್ಲಿ ಸಭೆಯ ನಗು ಎಲ್ಲಿ ನಿಲ್ಲುತ್ತದೆ ಅಂತ ಗಮನಿಸಿ. ಆ ಹೊತ್ತಿಗೆ ನಿಮ್ಮ ನಗುವೂ ನಿಂತಿದ್ದರೆ, ನಿಮ್ಮ ಕಟ್ಟಡದಲ್ಲಿ ಎಷ್ಟು ಲಿಫ್ಟಿವೆ ಅಂತ ಒಮ್ಮೆ ನೋಡಿ ಬನ್ನಿ.

ನಮ್ಮಲ್ಲಿ ಎರಡಿವೆ ಅಂತ ಹೇಳಿದೆನಲ್ಲ. ಕಳೆದ ವಾರ್ಷಿಕ ಸಭೆಗೆ ನಾನೊಂದು ಪತ್ರ ಕೊಟ್ಟೆ. ಆ ಬೋರ್ಡು ತೆಗೆಯಬೇಕು, 2012ರ ಠರಾವು ರದ್ದಾಗಬೇಕು, ಅದಕ್ಕೆ ಅಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬ ಅಂತ ಬರೆದಿದ್ದೆ. ಪತ್ರವನ್ನು ‘ಇತರ ವಿಷಯಗಳು’ ಅನ್ನೋದರ ಕೆಳಗೆ ಹಾಕಿದರು. ಅಲ್ಲಿಗೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು, ಅರ್ಧ ಜನ ಎದ್ದು ಹೋಗಿದ್ದರು. ಮುಂದಿನ ಸಭೆಗೆ ನೋಡೋಣ, ಅವಸರ ಏನಿದೆ ಅಂದರು ಸೆಕ್ರೆಟರಿ. ಬೋರ್ಡು ಇನ್ನೂ ಅಲ್ಲೇ ಇದೆ. ಮುಂದಿನ ಸಭೆಗೆ ಪತ್ರ ಮತ್ತೆ ಕೊಡಬೇಕು.